ಡಂಪ್ ಮೇಲೆ ನೆಟ್ಟ ಸಸಿ ಏಳುತ್ತಿಲ್ಲವೇ? ಸಂಡೂರು ಗುಡ್ಡಗಳಿಗೊಂದು ದೋಷ ನಿವಾರಣೆ ಕೈಪಿಡಿ

ಗಣಿಯಿಂದ ತೆಗೆದ ಬೇಡದ ಮಣ್ಣು, ಕಲ್ಲು ಸುರಿದ ಗುಡ್ಡೆಯೇ ಡಂಪ್. ಮಳೆಗಾಲದಲ್ಲಿ ಅದರ ಮೇಲೆ ಸಾಲು ಹಿಡಿದು ಸಸಿ ನೆಟ್ಟಿರುತ್ತೀರಿ. ಯುಗಾದಿ ಹೊತ್ತಿಗೆ ಹೋಗಿ ನೋಡಿದರೆ ಅರ್ಧಕ್ಕರ್ಧ ಒಣಕಡ್ಡಿ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, ಈ ವರ್ಷ ಮಳೆ ಕೈಕೊಟ್ಟಿತು. ಮುಂದಿನ ಮುಂಗಾರಿಗೆ ಅದೇ ಗುಂಡಿಗೆ ಹೊಸ ಸಸಿ ಬರುತ್ತದೆ. ಇದಕ್ಕೆ ಗ್ಯಾಪ್ ಫಿಲ್ಲಿಂಗ್ ಎಂದು ಹೆಸರು. ಇದಕ್ಕೆ ಹಣವೂ ಸುಲಭವಾಗಿ ಸಿಗುತ್ತದೆ.

ಮಳೆ ಕೈಕೊಡುವುದು ಸುಳ್ಳಲ್ಲ. ಆದರೆ ಎದುರಿನ ಗುಡ್ಡದ ಹಳೆಯ ಕಾಡಿಗೂ ಬಿದ್ದದ್ದು ಅದೇ ಮಳೆ ಅಲ್ವಾ? ಅಲ್ಲಿ ದಿಂಡಿಗದ ಮರಿಗಳು ಬದುಕಿವೆ, ಇಲ್ಲಿ ನೀರು ಹೊತ್ತು ಹಾಕಿದ ಸಸಿ ಸತ್ತಿದೆ. ಅಂದರೆ ದೋಷ ಬೇರೆ ಎಲ್ಲೋ ಇದೆ. ಜಾಸ್ತಿ ಸಲ ಅದು ನೆಲದೊಳಗೇ ಇರುತ್ತದೆ. ಆದ್ದರಿಂದ ಸಸಿ ಬದಲಿಸುವ ಮೊದಲು ನೆಲ ಅಗೆದು ನೋಡಿ. ಹೇಗೆ ನೋಡುವುದು, ಏನು ಕಂಡರೆ ಏನು ಮಾಡುವುದು ಎಂಬುದನ್ನು ಮುಂದೆ ಬರೆದಿದ್ದೇನೆ.

## ಇದು ಯಾವ ನೆಲಕ್ಕೆ

ಸಂಡೂರು, ಹೊಸಪೇಟೆ, ಬಳ್ಳಾರಿ ಸುತ್ತಿನ ಕಬ್ಬಿಣದ ಅದಿರಿನ ಗಣಿಗಳಿಗೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಸರದಿ. ಆಮೇಲೆ ಅಕ್ರಮ ಎಷ್ಟು ಎಂದು ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು, ಸಿ ಅಂದರೆ ಅತಿ ಹೆಚ್ಚು. ಮತ್ತೆ ಕೆಲಸ ಶುರು ಮಾಡಬೇಕಾದರೆ ಪ್ರತಿ ಗಣಿಗೂ ಒಂದು ಆರ್ ಅಂಡ್ ಆರ್ ಪ್ಲಾನ್ (ರಿಕ್ಲಮೇಶನ್ ಅಂಡ್ ರಿಹ್ಯಾಬಿಲಿಟೇಶನ್, ಅಂದರೆ ಕೆಟ್ಟ ನೆಲ ಸರಿಪಡಿಸುವ ಯೋಜನೆ) ಬೇಕು, ಅದರಂತೆ ನೆಲ ಸರಿಪಡಿಸಬೇಕು ಎಂದಾಯಿತು. ಆ ಪ್ಲಾನ್ ಮಾಡುವ ಕೆಲಸ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತಿಗೆ ಹೋಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗಣಿಗಳ ಗುತ್ತಿಗೆ ರದ್ದಾಯಿತು. ಈ ಭಾಗದಲ್ಲಿ ಡಂಪ್‌ಗಳ ಮೇಲೆ ಸಸಿ ನೆಡುವುದು, ಗಾರ್ಲೆಂಡ್ ಡ್ರೇನ್ (ಡಂಪಿನ ಬುಡದ ಸುತ್ತ ಹಾರದಂತೆ ಬರುವ ಕಾಲುವೆ) ತೋಡುವುದು, ತಡೆಗೋಡೆ ಕಟ್ಟುವುದು ದೊಡ್ಡ ಕೆಲಸವಾಗಿ ಬೆಳೆದದ್ದು ಹೀಗೆ.

ಕಲ್ಲಿದ್ದಲು ಗಣಿಯ ಸಲಹೆಗಳನ್ನು ಇಲ್ಲಿಗೆ ಸುಮ್ನೆ ಎತ್ತಿಕೊಂಡು ಬರಬೇಡಿ. ಅಲ್ಲಿನ ಬಂಡೆಯಲ್ಲಿ ಎಷ್ಟೋ ಕಡೆ ಗಂಧಕ ಬೆರೆತ ಪೈರೈಟ್ ಇರುತ್ತದೆ. ಅದಕ್ಕೆ ಗಾಳಿ, ನೀರು ತಗುಲಿದರೆ ನೆಲವೇ ಆಮ್ಲವಾಗುತ್ತದೆ. ನಮ್ಮದು ಹೆಮಟೈಟ್. ಆಗಲೇ ಆಕ್ಸೈಡ್ ಆಗಿರುವ ಅದಿರು. ಇಲ್ಲಿ ಪಿಎಚ್ ತೊಂದರೆ ಕಡಿಮೆ. ಕುದುರೆಮುಖದ ಲೆಕ್ಕವೂ ಬೇರೆಯೇ. ಅಲ್ಲಿ ಮಲೆನಾಡಿನ ಮಳೆ, ಅದಿರು ತೊಳೆದು ಬಿಟ್ಟ ನುಣುಪು ಕೆಸರು. ಇಲ್ಲಿ ವರ್ಷಕ್ಕೆ 600ರಿಂದ 800 ಮಿ.ಮೀ. ಮಳೆ. ಅದರಲ್ಲೂ ದೊಡ್ಡ ಪಾಲು ಹುಬ್ಬೆ, ಉತ್ತರೆ, ಹಸ್ತದಲ್ಲಿ ಬರುತ್ತದೆ.

## ಮೊದಲು, ನಿಜವಾಗಿಯೂ ಸತ್ತಿದೆಯೇ?

ಹೊನ್ನೆ, ಕಮರ, ಮತ್ತಿಯಂಥ ಒಣನಾಡಿನ ಮರಗಳಿಗೆ ಒಂದು ಗುಣವಿದೆ. ಮೊದಮೊದಲ ವರ್ಷಗಳಲ್ಲಿ ಮೇಲಿನ ಕಾಂಡ ಬೇಸಿಗೆಗೆ ಒಣಗಿಹೋಗುತ್ತದೆ, ಕೆಳಗೆ ಬೇರು ಬದುಕಿರುತ್ತದೆ. ಮಳೆ ಬಿದ್ದರೆ ಬುಡದಿಂದ ಹೊಸ ಚಿಗುರು. ಎರಡು ಮೂರು ವರ್ಷ ಹೀಗೇ ಸತ್ತು ಹುಟ್ಟಿ, ಬೇರು ಆಳಕ್ಕೆ ಇಳಿದ ಮೇಲೆ ಒಮ್ಮೆಲೇ ಏರುತ್ತವೆ. ಏಪ್ರಿಲ್‌ನಲ್ಲಿ ಎಣಿಕೆಗೆ ಬಂದವರು ಇವನ್ನೆಲ್ಲ ಸತ್ತ ಲೆಕ್ಕಕ್ಕೆ ಹಾಕುತ್ತಾರೆ. ಆಮೇಲೆ ಅದೇ ಗುಂಡಿ ಅಗೆದು ಬದುಕಿದ ಬೇರನ್ನು ಕಿತ್ತು ಬಿಸಾಡಿ, ಹೊಸದನ್ನು ನೆಡುತ್ತಾರೆ!

ಪರೀಕ್ಷೆ ಸುಲಭ. ನೆಲಕ್ಕೆ ಎರಡು ಬೆರಳು ಮೇಲೆ ಉಗುರಿನಿಂದ ತೊಗಟೆ ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ. ಅಲ್ಲಿ ಒಣಗಿದ್ದರೆ ಮಣ್ಣು ಸರಿಸಿ ಬೇರಿನ ಕತ್ತಿನಲ್ಲಿ ಕೆರೆಯಿರಿ. ಅಲ್ಲೂ ಕಂದು ಬಣ್ಣವೇ ಇದ್ದರೆ ಮಾತ್ರ ಸತ್ತಿದೆ. ಅನುಮಾನ ಇದ್ದರೆ ಒಂದೆರಡು ಹದ ಮಳೆ ಬೀಳುವ ತನಕ ಕಾಯಿರಿ. ಕಾಯುವುದರಲ್ಲಿ ನಷ್ಟವೇನೂ ಇಲ್ಲ. ಈ ಭಾಗದಲ್ಲಿ ನೆಡಲು ಆಗಸ್ಟ್ ಕೂಡ ತಡವಲ್ಲ.

## ಯಾವಾಗ ಸತ್ತಿತು, ಎಲ್ಲೆಲ್ಲಿ ಸತ್ತಿತು

ಸತ್ತ ಹೊತ್ತೇ ಅರ್ಧ ಉತ್ತರ ಹೇಳುತ್ತದೆ. ನೆಟ್ಟ ಎರಡು ಮೂರು ವಾರದೊಳಗೆ ಬಾಡಿದ್ದರೆ ನೆಲವನ್ನು ಬಯ್ಯಬೇಡಿ. ಟ್ರ್ಯಾಕ್ಟರ್‌ನಲ್ಲಿ ಬರುವಾಗ ಬೇರಿನ ಮಣ್ಣು ಒಡೆದಿರಬಹುದು, ಪಾಲಿ ಬ್ಯಾಗ್ ಬಿಚ್ಚದೆ ಹೂತಿರಬಹುದು (ನಗಬೇಡಿ, ಅಗೆದು ನೋಡಿದರೆ ಸಿಗುತ್ತದೆ), ಬುಡದ ಮಣ್ಣು ತುಳಿಯದೆ ಬಿಟ್ಟು ಬೇರಿನ ಸುತ್ತ ಗಾಳಿ ಉಳಿದಿರಬಹುದು. ಮಳೆ ಚೆನ್ನಾಗಿದ್ದಾಗಲೇ, ಸೆಪ್ಟೆಂಬರ್‌ನಲ್ಲಿ ಹಳದಿಯಾಗಿ ಸತ್ತಿದ್ದರೆ ಬೇರು ನೀರಲ್ಲಿ ನಿಂತಿತ್ತು ಎಂದು ಶಂಕಿಸಿ. ಜನವರಿಯಿಂದ ಮೇ ಒಳಗೆ ಒಣಗಿದ್ದರೆ ಬೇರು ಆಳಕ್ಕೆ ಇಳಿದಿಲ್ಲ. ಏಕೆ ಇಳಿದಿಲ್ಲ ಎಂಬುದೇ ಮುಂದಿನ ಪ್ರಶ್ನೆ. ಸಾಯದೆ, ಬೆಳೆಯದೆ, ಮೂರು ವರ್ಷಕ್ಕೂ ಮೊಣಕಾಲೆತ್ತರಕ್ಕೇ ನಿಂತಿದ್ದರೆ ನೆಲ ಬಿಗಿ ಇರಬೇಕು, ಇಲ್ಲ ಸಾರ ಇಲ್ಲ. ಸಾಮಾನ್ಯವಾಗಿ ಎರಡೂ ಇರುತ್ತವೆ.

ಆಮೇಲೆ ಪ್ಲಾಟಿನ ಎತ್ತರದ ಜಾಗದಲ್ಲಿ ನಿಂತು ನೋಡಿ. ಸತ್ತವು ಅಲ್ಲಲ್ಲಿ ಚದುರಿದ್ದರೆ ಸಸಿಯ ಗುಣ, ನೆಟ್ಟ ಕೈ, ಇಲ್ಲವೇ ಮೇಕೆ. ಗೆರೆ ಎಳೆದ ಹಾಗೆ ಸಾಲಾಗಿ ಸತ್ತಿದ್ದರೆ ಅದು ಟಿಪ್ಪರ್ ಓಡಾಡಿದ ಹಳೆಯ ದಾರಿ, ನೂರಕ್ಕೆ ತೊಂಬತ್ತು ಸಲ. ಬೆಂಚಿನ (ಡಂಪಿನ ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಬಿಟ್ಟ ಸಮತಟ್ಟು) ಹೊರ ಅಂಚಿನವು ಚೆನ್ನಾಗಿದ್ದು ನಡುವಿನವು ಸತ್ತಿದ್ದರೂ ಕಾರಣ ಅದೇ. ಅಂಚಿಗೆ ಮಣ್ಣು ಸುಮ್ನೆ ಸುರಿದಿರುತ್ತಾರೆ, ನಡುವೆ ಡೋಜರ್ ಹತ್ತಾರು ಸಲ ಓಡಿರುತ್ತದೆ. ಇಳಿಜಾರಿನ ಒಂದೇ ಪಟ್ಟಿಯಲ್ಲಿ ಮೇಲಿಂದ ಕೆಳಗಿನವರೆಗೆ ಸತ್ತಿದ್ದರೆ ನೀರು ಕೊರೆದಿದೆ.

## ಗುಂಡಿ ಪರೀಕ್ಷೆ

ಇಡೀ ಕೈಪಿಡಿಯಲ್ಲಿ ಒಂದೇ ಒಂದು ಕೆಲಸ ಮಾಡುವಷ್ಟು ಸಮಯ ಇದ್ದರೆ ಇದನ್ನೇ ಮಾಡಿ. ಸತ್ತ ಸಸಿಯ ಪಕ್ಕ ಒಂದು ಗುಂಡಿ, ಚೆನ್ನಾಗಿರುವ ಸಸಿಯ ಪಕ್ಕ ಇನ್ನೊಂದು. ಎರಡೂ ಒಂದು ಮೀಟರ್ ಆಳ. ಗುದ್ದಲಿ, ಹಾರೆಯಲ್ಲೇ ತೋಡಿಸಿ, ಹಿಟಾಚಿ ಬೇಡ. ಬಕೆಟ್ ಎಳೆದರೆ ಗುಂಡಿಯ ಗೋಡೆಯಲ್ಲಿ ಓದಬೇಕಾದ್ದೆಲ್ಲ ಅಳಿಸಿಹೋಗುತ್ತದೆ. ತೋಡುವ ಆಳಿನ ಕೈಯೇ ಮೊದಲ ಮಾಪಕ. ಗುದ್ದಲಿ ಎಲ್ಲಿ ನಿಂತು ಹಾರೆ ಬೇಕಾಯಿತೋ ಆ ಆಳ ಬರೆದುಕೊಳ್ಳಿ.

ಗೋಡೆಯಲ್ಲಿ ಬೇರು ಹುಡುಕಿ. ಬೇರು ನೇರ ಇಳಿದಿದೆಯೋ, ಒಂದು ಆಳಕ್ಕೆ ಹೋಗಿ ಅಡ್ಡ ತಿರುಗಿದೆಯೋ? ಅಡ್ಡ ತಿರುಗಿದ್ದರೆ ಅಲ್ಲಿ ಒಂದು ಬಿಗಿ ಪದರ ಇದೆ. ನಮ್ಮ ಡಂಪ್‌ಗಳಲ್ಲಿ ಅದಿರಿನ ಜೊತೆ ಬಂದ ಶೇಲ್, ಫಿಲೈಟ್ ಎಂಬ ಮೆದು ಕಲ್ಲುಗಳು ಪುಡಿಯಾಗಿ ಜೇಡಿಯಂತಾಗುತ್ತವೆ. ಅದರ ಮೇಲೆ ತುಂಬಿದ ಟಿಪ್ಪರ್ ಓಡಿದರೆ ಒಣಗಿದಾಗ ಕಲ್ಲೇ. ಅಂಥ ನೆಲದಲ್ಲಿ 45 ಸೆಂ.ಮೀ. ಗುಂಡಿ ತೋಡಿ ಒಳ್ಳೆ ಮಣ್ಣು ತುಂಬಿ ಸಸಿ ಇಟ್ಟರೆ, ಸಸಿ ಹೂಕುಂಡದಲ್ಲಿ ಇದ್ದ ಹಾಗೆ. ಮಳೆಗಾಲದಲ್ಲಿ ನೀರು ಒಳಗೇ ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಆ ಹಿಡಿ ಮಣ್ಣು ಒಣಗಿದರೆ ಮುಗಿಯಿತು. ಮೊದಲ ವರ್ಷ ಸಸಿ ಚೆನ್ನಾಗಿ ಕಾಣುವುದರಿಂದ ಮೋಸ ಹೋಗುತ್ತೇವೆ.

ಎರಡನೆಯದು ನೀರಿನ ಪರೀಕ್ಷೆ. 30 ಸೆಂ.ಮೀ. ಅಗಲ, ಅಷ್ಟೇ ಆಳದ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ. ಮತ್ತೊಮ್ಮೆ ತುಂಬಿ. ಲೆಕ್ಕಕ್ಕೆ ಬರುವುದು ಈ ಎರಡನೇ ಸಲದ್ದು. ಮರುದಿನ ಬೆಳಿಗ್ಗೆಯೂ ನೀರು ಉಳಿದಿದ್ದರೆ ಕೆಳಗೆ ಬಿಗಿ ಪದರ ಇದೆ. ಅದಕ್ಕೆ ಬದಲು, ಸುರಿದ ನೀರು ನೋಡನೋಡುತ್ತ ಮಾಯವಾದರೆ ಅದೂ ದೋಷವೇ. ಕೆಳಗೆ ಬಿಎಚ್‌ಕ್ಯು (ಹೆಮಟೈಟ್ ಪಟ್ಟೆಗಳಿರುವ ಗಟ್ಟಿ ಕಲ್ಲು) ಬಂಡೆ ಚೂರುಗಳ ನಡುವೆ ಬರೀ ಸಂದು, ಮಣ್ಣೇ ಇಲ್ಲ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ನೆಲ ಸಡಿಲಿಸಬೇಕು. ಎರಡನೆಯದಕ್ಕೆ ಸಂದು ತುಂಬಲು ಸಣ್ಣ ಕಣದ ಮಣ್ಣು ತರಬೇಕು. ಅಲ್ಲಿ ರಿಪ್ಪರ್ (ನೆಲ ಸೀಳುವ ಉಕ್ಕಿನ ಕೊಕ್ಕೆ) ಎಳೆದರೆ ಡೀಸೆಲ್ ದಂಡ.

ಮೂರನೆಯದು ಸರಳಿನ ಪರೀಕ್ಷೆ. ಬೆರಳು ಗಾತ್ರದ ಕಬ್ಬಿಣದ ಸರಳು, ಒಂದು ಮೀಟರ್ ಉದ್ದ, ತುದಿ ಚೂಪು. ಒಳ್ಳೆ ಮಳೆ ಬಿದ್ದ ಮರುದಿನ, ನೆಲ ಹಸಿ ಇರುವಾಗ ಮೈಭಾರ ಹಾಕಿ ಒತ್ತಿ. ಒಣ ನೆಲದಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ, ಕಾಡಿನ ಮಣ್ಣೂ ಬೇಸಿಗೆಯಲ್ಲಿ ಸರಳು ಬಿಡುವುದಿಲ್ಲ. ಒಂದೇ ಕಡೆ ಒತ್ತಿ ತೀರ್ಮಾನಿಸಬೇಡಿ, ಕೆಳಗೆ ಕಲ್ಲು ಸಿಕ್ಕಿರಬಹುದು. ಹತ್ತಿಪ್ಪತ್ತು ಕಡೆ ಒತ್ತಿ. ಎಲ್ಲ ಕಡೆ ಸುಮಾರು ಒಂದೇ ಆಳಕ್ಕೆ ನಿಂತರೆ ಅದು ಕಲ್ಲಲ್ಲ, ಪದರ.

ಇಲ್ಲೊಂದು ಎಚ್ಚರಿಕೆ. ಪ್ರಯೋಗಾಲಯದಿಂದ ಬಲ್ಕ್ ಡೆನ್ಸಿಟಿ (ನಡುವಿನ ಖಾಲಿ ಜಾಗವೂ ಸೇರಿ ಮಣ್ಣಿನ ಸಾಂದ್ರತೆ) ವರದಿ ತರಿಸುವವರು ಇದ್ದಾರೆ. ಸಾಮಾನ್ಯ ಗೋಡು ಮಣ್ಣಿನಲ್ಲಿ ಘನ ಸೆಂ.ಮೀ.ಗೆ 1.6 ಗ್ರಾಂ ದಾಟಿದರೆ ಬೇರಿಗೆ ಕಷ್ಟ ಎಂದು ಪುಸ್ತಕ ಹೇಳುತ್ತದೆ. ಆ ಅಂಕಿಯನ್ನು ಅದಿರಿನ ಡಂಪ್‌ಗೆ ಹಾಗೇ ಹಚ್ಚಬೇಡಿ. ಸಾಮಾನ್ಯ ಮಣ್ಣಿನ ಕಣದ ಸಾಂದ್ರತೆ ಸುಮಾರು 2.65, ಹೆಮಟೈಟಿನದು 5.2ರ ಆಸುಪಾಸು. ನಿಮ್ಮ ಡಂಪಿನ ಕಣಗಳ ಸರಾಸರಿ 4 ಇದ್ದರೆ, ವರದಿಯಲ್ಲಿ 2.0 ಎಂದು ಬಂದರೂ ಅರ್ಧ ಜಾಗ ಖಾಲಿಯೇ ಇದೆ, ಬೇರು ಆರಾಮಾಗಿ ಇಳಿಯುತ್ತದೆ. ಅದೇ 2.0 ಸಾಮಾನ್ಯ ಮಣ್ಣಿನಲ್ಲಿ ಬಂದರೆ ಖಾಲಿ ಜಾಗ ಕಾಲು ಭಾಗಕ್ಕೂ ಕಡಿಮೆ. ಕಣದ ಸಾಂದ್ರತೆಯನ್ನೂ ಜೊತೆಗೇ ಅಳೆಸಿ. ಅಳೆಯುವುದಿಲ್ಲ ಎಂದರೆ ಸರಳನ್ನೇ ನಂಬಿ.

## ಬಿಗಿ ನೆಲ ಸಡಿಲಿಸುವುದು

ಡೋಜರ್ ಹಿಂದೆ ರಿಪ್ಪರ್ ಕಟ್ಟಿ ಸೀಳುವುದೇ ದಾರಿ. ಆಳ ಕನಿಷ್ಠ 60 ಸೆಂ.ಮೀ., ಸಾಧ್ಯವಾದರೆ ಒಂದು ಮೀಟರ್. ಗೆರೆಗಳ ನಡುವೆ ಎರಡು ಮೂರು ಮೀಟರ್. ಗೆರೆ ಇಳಿಜಾರಿಗೆ ಅಡ್ಡ ಇರಲಿ. ಉದ್ದಕ್ಕೆ ಎಳೆದರೆ ಮೊದಲ ಮಳೆಗೇ ಅದು ಕಾಲುವೆ. ಸಮತಟ್ಟಿನಲ್ಲಿ ಅಡ್ಡ ಉದ್ದ ಎರಡೂ ಎಳೆಯಬಹುದು, ಆಗ ಗೆರೆಗಳು ಕೂಡುವಲ್ಲಿ ಸಸಿ ಇಡಿ.

ಹೊತ್ತು ಮುಖ್ಯ. ಏಪ್ರಿಲ್, ಮೇನಲ್ಲಿ ನೆಲ ಪೂರ್ತಿ ಒಣಗಿದಾಗ ಸೀಳಿದರೆ ಪದರ ಚೂರುಚೂರಾಗಿ ಒಡೆಯುತ್ತದೆ. ಹಸಿ ಇದ್ದಾಗ ಸೀಳಿದರೆ ಜೇಡಿ ನುಣ್ಣಗೆ ಒತ್ತಿಕೊಂಡು ಸೀಳಿನ ಗೋಡೆ ಇನ್ನೂ ಬಿಗಿಯಾಗುತ್ತದೆ. ಮಳೆ ಶುರುವಾದ ಮೇಲೆ ಗುತ್ತಿಗೆದಾರ ಮೆಷಿನ್ ತಂದರೆ ವಾಪಸ್ ಕಳಿಸಿ. ಇಷ್ಟು ಖಾರವಾಗಿ ಹೇಳಲು ಕಾರಣ, ಸೀಳಿದ್ದೇವೆ ಎಂದು ಬಿಲ್ ಆಗಿರುತ್ತದೆ, ನೆಲ ಮಾತ್ರ ಮೊದಲಿಗಿಂತ ಕೆಟ್ಟಿರುತ್ತದೆ.

ಕಡಿದಾದ ಇಳಿಜಾರಿನಲ್ಲಿ ಡೋಜರ್ ಇಳಿಸಬೇಡಿ. ಬೆಂಚಿನ ಮೇಲೆ ಹಿಟಾಚಿ ನಿಲ್ಲಿಸಿ, ಬಕೆಟ್ ಚಾಚಿ, ಅಲ್ಲಲ್ಲಿ ತೇಪೆಯಾಗಿ ಎತ್ತಿ ಅಲ್ಲೇ ಬಿಡಿಸಿ. ಎತ್ತಿದ್ದನ್ನು ಬಕೆಟ್ ಬೆನ್ನಿನಿಂದ ತಟ್ಟಿ ಚಂದ ಮಾಡುವ ಚಾಳಿ ಆಪರೇಟರ್‌ಗಳಿಗೆ ಇದೆ. ಮೊದಲೇ ಹೇಳಿ, ಒರಟಾಗಿಯೇ ಇರಲಿ ಎಂದು. ಉಬ್ಬು ತಗ್ಗು ಇದ್ದರೆ ನೀರು ನಿಲ್ಲುತ್ತದೆ, ಬೀಜ ನಿಲ್ಲುತ್ತದೆ.

ಈ ಚಂದದ ಹುಚ್ಚು ನಮ್ಮೊಬ್ಬರದ್ದೇ ಅಲ್ಲ. ಅಮೆರಿಕದ ಅಪಲಾಚಿಯಾ ಬೆಟ್ಟಗಳಲ್ಲಿ 1977ರ ಗಣಿ ಕಾನೂನು ಬಂದ ಮೇಲೆ ಕಲ್ಲಿದ್ದಲು ಗಣಿಗಳನ್ನು ಮುಚ್ಚಿ, ಮಣ್ಣು ಜಾರಬಾರದೆಂದು ಡೋಜರ್‌ನಲ್ಲಿ ಒತ್ತಿ ನುಣುಪು ಮಾಡಿ, ಮೇಲೆ ದಟ್ಟ ಹುಲ್ಲು ಬೆಳೆಸಿದರು. ನೆಲ ನಿಂತಿತು, ಹಸಿರಾಯಿತು, ಮರ ಮಾತ್ರ ಏಳಲಿಲ್ಲ. ಅಲ್ಲಿನ ಅರಣ್ಯ ವಿಜ್ಞಾನಿಗಳು ಪಟ್ಟು ಹಿಡಿದು, 2004ರ ಹೊತ್ತಿಗೆ ಬೇರೆ ಪದ್ಧತಿಯನ್ನು ಎಲ್ಲ ಕಡೆ ಹರಡತೊಡಗಿದರು. ಬೇರು ಬಿಡಲು ನಾಲ್ಕು ಅಡಿ ಒಳ್ಳೆಯ ಮಣ್ಣು ಇಲ್ಲವೇ ಸವೆದ ಬಂಡೆ ಇರಲಿ, ಅದನ್ನು ಸಡಿಲವಾಗಿ ಸುರಿದು ಬಿಡಿ, ಹುಲ್ಲು ಕಡಿಮೆ ಹಾಕಿ ಎಂಬುದು ಅದರ ತಿರುಳು. ಹೊಸದಾಗಿ ಡಂಪ್ ಮಾಡುತ್ತಿರುವವರು ಇದನ್ನು ಈಗಲೇ ಪಾಲಿಸಬಹುದು. ಕೊನೆಯ ಒಂದೂಕಾಲು ಮೀಟರ್ ಪದರವನ್ನು ಟಿಪ್ಪರ್‌ನಿಂದ ಗುಡ್ಡೆ ಗುಡ್ಡೆಯಾಗಿ ಸುರಿದು, ಒಂದೇ ಸಲ ಹಗುರವಾಗಿ ಎಳೆದು, ಮೆಷಿನ್ ಆಚೆ ಕಳಿಸಿದರೆ ಆಯಿತು. ರಿಪ್ಪರ್ ಖರ್ಚೇ ಇಲ್ಲ.

ಸಡಿಲಿಸಿದ ನೆಲ ಒಂದು ಮಳೆಗಾಲದಲ್ಲಿ ಕುಸಿಯುತ್ತದೆ. ಆದ್ದರಿಂದ ಸಸಿಯನ್ನು ತುಸು ದಿಬ್ಬದ ಮೇಲೆ ನೆಡಿ, ಕುಸಿದಾಗ ಬುಡ ತಗ್ಗಿಗೆ ಹೋಗಬಾರದು. ಸೀಳಿದ ಮೇಲೆ ನೀರಿನ ಟ್ಯಾಂಕರ್ ಅದರ ಮೇಲೆ ಹತ್ತಲೇಬಾರದು. ಪೈಪ್ ಎಳೆಯಿರಿ.

## ತಂದು ಹಾಸಿದ್ದು ನಿಜವಾಗಿ ಮೇಲ್ಮಣ್ಣೇ?

ಗಣಿ ತೆರೆಯುವಾಗ ಮೇಲ್ಮಣ್ಣನ್ನು ಬೇರೆಯಾಗಿ ತೆಗೆದು ಇಟ್ಟುಕೊಂಡು ಬಳಸಬೇಕೆಂದು ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ಹೇಳುತ್ತವೆ. ಸಂಡೂರಿನ ಗುಡ್ಡಗಳಲ್ಲಿ ಆ ಮಣ್ಣು ಇರುವುದೇ ಒಂದು ಗೇಣು, ಒಂದೂವರೆ ಗೇಣು. ಅದನ್ನು ಕೆಳಗಿನ ಗರಸಿನ ಜೊತೆ ಒಂದೇ ಬಕೆಟ್‌ನಲ್ಲಿ ಎತ್ತಿದರೆ ಸಾರ ನೀರುನೀರಾಗುತ್ತದೆ. ಹಳೆಯ ಡಂಪ್‌ಗಳಲ್ಲಿ ಕೆಂಪಗೆ ಕಂಡದ್ದನ್ನೆಲ್ಲ ಮೇಲ್ಮಣ್ಣು ಎಂದು ಹಾಸಿರುವುದುಂಟು. ನಮ್ಮಲ್ಲಿ ಎಲ್ಲವೂ ಕೆಂಪೇ, ಬಣ್ಣ ನಂಬಿ ಕೆಡಬೇಡಿ. ಸಾವಯವ ಇಂಗಾಲ ಪರೀಕ್ಷೆ ಮಾಡಿಸಿ. ಶೇ. 0.5ಕ್ಕಿಂತ ಕಡಿಮೆ ಬಂದರೆ ಕಡಿಮೆ ಎಂದೇ ಮಣ್ಣು ಪರೀಕ್ಷೆಯವರ ಲೆಕ್ಕ, 0.75 ದಾಟಿದರೆ ಚೆನ್ನ. ಎದುರು ಕಾಡಿನ ಒಂದು ಮಾದರಿಯನ್ನೂ ಜೊತೆಗೆ ಕೊಡಿ. ಹೋಲಿಸಲು ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ಮಣ್ಣು ಸರಿಯಾದದ್ದೇ ಇದ್ದರೂ ಗುಡ್ಡೆ ಹಾಕಿ ವರ್ಷಗಟ್ಟಲೆ ಇಟ್ಟರೆ ಕೆಡುತ್ತದೆ. ಗುಡ್ಡೆಯ ಒಳಗೆ ಒಂದು ಮೀಟರ್‌ಗಿಂತ ಕೆಳಗೆ ಗಾಳಿ ಸಾಲದು. ಬೀಜಗಳು, ಬೇರಿಗೆ ಜೊತೆಯಾಗುವ ಶಿಲೀಂಧ್ರಗಳು, ಎರೆಹುಳು ಎಲ್ಲ ಸಾಯುತ್ತವೆ. ಪಶ್ಚಿಮ ಆಸ್ಟ್ರೇಲಿಯಾದ ಬಾಕ್ಸೈಟ್ ಗಣಿಗಳಲ್ಲಿ ಕಾಡಿನ ಮೇಲ್ಮಣ್ಣನ್ನು ಕೂಡಿಡದೆ, ಎತ್ತಿದ ಕೂಡಲೇ ಪಕ್ಕದ ಮುಗಿದ ಗುಂಡಿಗೆ ಹಾಸುವುದು ಇದೇ ಕಾರಣಕ್ಕೆ. ಬೀಜದ ದೊಡ್ಡ ಪಾಲು ಇರುವುದು ಮೇಲಿನ ಎರಡು ಮೂರು ಬೆರಳು ಮಣ್ಣಿನಲ್ಲಿ. ಕೂಡಿಡಲೇಬೇಕೆಂದರೆ ಗುಡ್ಡೆ ಎರಡು ಮೀಟರ್ ಮೀರದಿರಲಿ, ಮೇಲೆ ಹುರುಳಿ ಇಲ್ಲವೇ ಸೆಣಬು ಚೆಲ್ಲಿ, ಮೇಲೆ ಮೆಷಿನ್ ಹತ್ತಿಸಬೇಡಿ.

ಹಳೆಯ ಗುಡ್ಡೆ ಬದುಕಿದೆಯೇ ಎಂದು ತಿಳಿಯಲು ಒಳಗಿನಿಂದ ಒಂದು ಬುಟ್ಟಿ ಮಣ್ಣು ತೆಗೆದು ಮೂಸಿ ನೋಡಿ. ಕೊಳೆತ ವಾಸನೆ ಬಂದರೆ ಗಾಳಿ ಇಲ್ಲದೆ ಕೆಟ್ಟಿದೆ. ನಂತರ ಅಗಲದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ದಿನಾ ನೀರು ಚಿಮುಕಿಸಿ, ಒಂದು ತಿಂಗಳು ನೋಡಿ. ಹುಲ್ಲು, ಬಂದರಿಕೆ, ಕಾಡುಗಿಡಗಳು ಮೊಳೆತರೆ ಅದು ಚಿನ್ನ. ಬರೀ ಕಾಂಗ್ರೆಸ್ ಗಿಡ, ಲಂಟಾನ, ಬಳ್ಳಾರಿ ಜಾಲಿ ಎದ್ದರೆ, ಹಾಸಿದ ಮೇಲೆ ಅದನ್ನೇ ಬೆಳೆಯುತ್ತೀರಿ. ಅಂಥ ಮಣ್ಣನ್ನು ಗುಂಡಿಯ ತಳಕ್ಕೆ ಬಳಸಿ, ಮೇಲಕ್ಕಲ್ಲ.

ಹಾಸುವಾಗಲೂ ದೋಷ ಹುಟ್ಟುತ್ತದೆ. ಬಿಗಿ ನೆಲದ ಮೇಲೆ ಸೀಳದೆ ಹಾಸಿದರೆ ಎರಡರ ನಡುವೆ ಒಂದು ಜಾರು ಮೈ ಉಳಿಯುತ್ತದೆ. ದೊಡ್ಡ ಮಳೆಗೆ ಮೇಲಿನದೆಲ್ಲ ಕಂಬಳಿ ಎಳೆದಂತೆ ಕೆಳಗಿನ ಬೆಂಚಿಗೆ ಬರುತ್ತದೆ. ಮೊದಲು ಸೀಳಿ, ಮೇಲೆ ಹಾಸಿ. ಮಣ್ಣು ಕಡಿಮೆ ಇದ್ದರೆ ಇಡೀ ಪ್ಲಾಟಿಗೆ ಎರಡು ಬೆರಳು ಬಳಿಯಬೇಡಿ. ಅಲ್ಲಲ್ಲಿ ದ್ವೀಪ ಮಾಡಿ, ಒಂದು ಗೇಣು ದಪ್ಪ ಹಾಕಿ, ಗುಂಪಾಗಿ ಒತ್ತಾಗಿ ನೆಡಿ. ಹಕ್ಕಿಗಳು ಅಲ್ಲಿ ಕೂರುತ್ತವೆ, ಬೀಜ ಬೀಳುತ್ತದೆ, ದ್ವೀಪ ತಾನೇ ಹಿಗ್ಗುತ್ತದೆ. ಸಾಲು ನೆಟ್ಟಷ್ಟು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಅಷ್ಟೇ.

ಮೇಲ್ಮಣ್ಣೇ ಇಲ್ಲದ ಕಡೆ ಕೆರೆ ಹೂಳು ತರುತ್ತಾರೆ. ಒಳ್ಳೆಯದೇ, ಆದರೆ ಒಂದೇ ದಪ್ಪ ಪದರವಾಗಿ ಹಾಸಿದರೆ ಬಿರುಕು ಬಿಟ್ಟು ಕೂರುತ್ತದೆ. ಗರಸಿನ ಜೊತೆ ಕಲಸಬೇಕು. ಬಯಲಿನ ಎರೆಮಣ್ಣಿನ ಕೆರೆಯ ಹೂಳಾದರೆ ಸುಣ್ಣ ಇರುತ್ತದೆ, ಪಿಎಚ್ 8 ದಾಟಿರಬಹುದು. ಆಗ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಅದು ಕಬ್ಬಿಣದ ಕೊರತೆ! ಕಬ್ಬಿಣದ ಗುಡ್ಡದ ಮೇಲೇ. ಸುಣ್ಣದ ಮಣ್ಣಿನಲ್ಲಿ ಇರುವ ಕಬ್ಬಿಣ ಬೇರಿಗೆ ಸಿಗುವುದಿಲ್ಲ.

## ಎಲೆ ಹಳದಿ, ಬೆಳವಣಿಗೆ ಇಲ್ಲ

ಹಳೆಯ ಎಲೆ ಒಂದೇ ಸಮ ಹಳದಿಯಾದರೆ ಸಾರಜನಕ ಸಾಲದು. ಎಲೆ ಸಣ್ಣದಾಗಿ, ಕಡು ಹಸಿರಿಗೆ ನೇರಳೆ ಛಾಯೆ ಬಂದರೆ ರಂಜಕ ಸಾಲದು. ಈ ನೆಲದಲ್ಲಿ ರಂಜಕವೇ ದೊಡ್ಡ ತಲೆನೋವು. ಕಬ್ಬಿಣದ ಆಕ್ಸೈಡ್‌ಗಳು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಗೊಬ್ಬರವನ್ನು ಮೇಲೆ ಎರಚಿದರೆ ಮಣ್ಣು ತಿನ್ನುತ್ತದೆ, ಸಸಿಗೆ ಸಿಗುವುದಿಲ್ಲ. ಸೂಪರ್ ಫಾಸ್ಫೇಟನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆಡುವಾಗಲೇ ಬೇರಿನ ಪಕ್ಕ ಕೊಡಿ. ಯೂರಿಯಾ ಎರಚುವುದು ಬೇಡ. ಅದನ್ನು ತಿಂದು ಎದ್ದೇಳುವುದು ಕಳೆ.

ಹೊಂಗೆ, ಕಗ್ಗಲಿ, ಬಾಗೆ, ಚುಜ್ಜಲು ಇವು ಬೇರಿನ ಗಂಟಿನಲ್ಲಿ ಸಾರಜನಕ ತಾವೇ ಮಾಡಿಕೊಳ್ಳುವ ಜಾತಿಗಳು. ಅವೂ ಹಳದಿಯಾಗಿದ್ದರೆ ಒಂದನ್ನು ಕಿತ್ತು ಬೇರು ನೋಡಿ. ಗಂಟು ಇರಬೇಕು, ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ ಇರಬೇಕು. ಗಂಟೇ ಇಲ್ಲದಿದ್ದರೆ ಆ ನೆಲದಲ್ಲಿ ಬೇಕಾದ ಬ್ಯಾಕ್ಟೀರಿಯಾ ಇಲ್ಲ. ಮುಂದಿನ ಸಲ ನರ್ಸರಿಯಲ್ಲಿ ಬ್ಯಾಗ್ ತುಂಬುವಾಗ, ಅದೇ ಜಾತಿಯ ದೊಡ್ಡ ಮರದ ಬುಡದ ಮಣ್ಣನ್ನು ಒಂದೊಂದು ಹಿಡಿ ಸೇರಿಸಿ. ಶಿಲೀಂಧ್ರವೂ ಅದರಲ್ಲೇ ಬರುತ್ತದೆ. ಹುಣಸೆ, ಕಕ್ಕೆಯಲ್ಲಿ ಗಂಟು ಹುಡುಕಬೇಡಿ. ಕಾಯಿ ನೋಡಿದರೆ ಹೊಂಗೆಯ ಬಳಗವೇ ಆದರೂ ಇವೆರಡೂ ಗಂಟು ಕಟ್ಟುವುದಿಲ್ಲ.

## ಬೇರು ಕಾಣುತ್ತಿದೆ, ಇಲ್ಲವೇ ಬುಡ ಹೂತುಹೋಗಿದೆ

ಇದು ನೀರಿನ ಕೆಲಸ. ಸಸಿಯ ಹತ್ತಿರ ಏನೂ ರಿಪೇರಿ ಮಾಡಬೇಡಿ, ಮೇಲೆ ಹತ್ತಿ ನೋಡಿ. ಮೇಲಿನ ಬೆಂಚಿನ ಬರ್ಮ್ (ಅಂಚಿನ ಮಣ್ಣಿನ ಏರಿ) ಎಲ್ಲೋ ಒಡೆದಿರುತ್ತದೆ, ಅಥವಾ ಬೆಂಚು ಹೊರಕ್ಕೆ ವಾಲಿರುತ್ತದೆ. ಬೆಂಚು ಒಳಕ್ಕೆ ವಾಲಬೇಕು, ನೀರು ಗುಡ್ಡದ ಬದಿಯ ಕಾಲುವೆಗೆ ಹೋಗಿ, ಕಲ್ಲು ಹಾಸಿದ ಒಂದು ದಾರಿಯಲ್ಲಿ ಇಳಿದು, ಗಾರ್ಲೆಂಡ್ ಡ್ರೇನ್ ಸೇರಬೇಕು. ಸಡಿಲವಾಗಿ ಸುರಿದ ಡಂಪ್ ತಾನಾಗಿ ನಿಲ್ಲುವುದು ಸುಮಾರು 37 ಡಿಗ್ರಿಯಲ್ಲಿ. ಆ ಇಳಿಜಾರಿನಲ್ಲಿ ಸಸಿ ನೆಡುವುದು ಹಣ ಎಸೆದ ಹಾಗೆ. ಬೆಂಚು ಕೊರೆದು ಒಟ್ಟು ಇಳಿಜಾರನ್ನು 28 ಡಿಗ್ರಿಯೊಳಗೆ ತಂದು, ಬುಡಕ್ಕೆ ಕಲ್ಲಿನ ಗೋಡೆ ಕಟ್ಟಿ, ತೆಂಗಿನ ನಾರಿನ ಹಾಸು ಹೊದಿಸಿ, ಲಾವಂಚದ ಸಾಲು ಕೊಟ್ಟ ಮೇಲೆ ಗಿಡದ ಮಾತು. ನಾರಿನ ಹಾಸು ನೆಲಕ್ಕೆ ಅಂಟಿರಬೇಕು. ಕೆಳಗೆ ಸಂದು ಇದ್ದರೆ ನೀರು ಅದರಡಿಯಲ್ಲೇ ಕೊರೆಯುತ್ತದೆ, ಮೇಲೆ ಹಾಸು ಚಂದವಾಗಿ ಉಳಿದಿರುತ್ತದೆ.

## ಸಸಿಯದೇ ದೋಷ ಇದ್ದರೆ

ಸತ್ತ ಸಸಿ ಕಿತ್ತು ಬೇರು ತೊಳೆಯಿರಿ. ಬ್ಯಾಗಿನ ಆಕಾರದಲ್ಲೇ ಸುರುಳಿ ಸುತ್ತಿದ್ದರೆ ಅದು ನರ್ಸರಿಯಲ್ಲಿ ಜಾಸ್ತಿ ದಿನ ಕೂತ ಸಸಿ. ನೆಡುವಾಗ ಸುರುಳಿ ಕತ್ತರಿಸದಿದ್ದರೆ ಹತ್ತು ವರ್ಷವಾದರೂ ಬೇರು ತನ್ನ ಕುತ್ತಿಗೆಯನ್ನೇ ಬಿಗಿಯುತ್ತಿರುತ್ತದೆ. ಎತ್ತರದ ಸಸಿ ನೋಡಿ ಮರುಳಾಗಬೇಡಿ. 14 x 20 ಇಂಚಿನ ಬ್ಯಾಗಿನ ಆಳೆತ್ತರದ ಸಸಿ ರಸ್ತೆ ಬದಿಗೆ ಸರಿ. ಡಂಪ್ ಮೇಲೆ 8 x 12ರ ಗಿಡ್ಡ, ದಪ್ಪ ಕಾಂಡದ ಸಸಿ ಅದನ್ನು ಹಿಂದೆ ಹಾಕುತ್ತದೆ. ದೊಡ್ಡ ಎಲೆಗೊಂಚಲಿಗೆ ನೀರು ಒದಗಿಸುವಷ್ಟು ಬೇರು ಬ್ಯಾಗಿನಲ್ಲಿ ಇರುವುದಿಲ್ಲ. ಸಾಗಿಸುವ ಒಂದು ತಿಂಗಳ ಮೊದಲೇ ನೆರಳಿನ ಬಲೆ ತೆಗೆದು, ನೀರು ಕಡಿಮೆ ಮಾಡಿ, ಬಿಸಿಲಿಗೆ ಒಗ್ಗಿಸಿ. ಕಮರ, ಹೊಂಗೆ, ಬೇವು ಇವನ್ನು ಸೀಳಿದ ಗೆರೆಯಲ್ಲಿ ನೇರ ಬೀಜ ಹಾಕಿಯೂ ನೋಡಿ, ತಾಯಿಬೇರು ಮುರಿಯದೆ ಇಳಿಯುತ್ತದೆ. ಬೇವಿನ ಬೀಜ ಮಾತ್ರ ಕೆಲವೇ ವಾರ ಬಾಳುವುದು, ಆಯ್ದ ಕೂಡಲೇ ಹಾಕಬೇಕು.

ಜಾತಿ ತಪ್ಪಿದ್ದರೂ ಸಸಿ ಸಾಯುತ್ತದೆ. ಬಿಸಿಲು ಕಾಯುವ ನೆತ್ತಿಗೆ ಕಗ್ಗಲಿ, ಕಮರ, ಚುಜ್ಜಲು, ನಡುವೆ ಬಂದರಿಕೆ ಪೊದೆ. ಇಳಿಜಾರಿಗೆ ದಿಂಡಿಗ, ಮುತ್ತುಗ. ನೀರು ಸೇರುವ ಬುಡಕ್ಕೆ, ಡ್ರೇನ್ ಪಕ್ಕಕ್ಕೆ ಹೊಂಗೆ, ಮತ್ತಿ, ತಪಸಿ, ಬಿದಿರು. ಎಲ್ಲ ಕಡೆಗೂ ಒಂದೇ ಪಟ್ಟಿ ಕೊಟ್ಟಿದ್ದರೆ ಆ ಪಟ್ಟಿಯೇ ದೋಷ.

ಇನ್ನೊಂದು ತರಹದ ದೋಷ ಇದೆ. ಅದನ್ನು ಯಾರೂ ದೋಷ ಎನ್ನುವುದಿಲ್ಲ. ಪ್ಲಾಟ್ ಪೂರ್ತಿ ಹಸಿರು, ಆದರೆ ಇರುವುದು ಗ್ಲಿರಿಸಿಡಿಯಾ, ಆಸ್ಟ್ರೇಲಿಯನ್ ಅಕೇಶಿಯಾ ಮಾತ್ರ. ಒಳಗೆ ಹೋಗಿ ಕೆಳಗೆ ನೋಡಿ. ಐದಾರು ವರ್ಷವಾದರೂ ಬೇರೆ ಜಾತಿಯ ಒಂದು ಮರಿಯೂ ಹುಟ್ಟಿಲ್ಲದಿದ್ದರೆ ಅದು ತೋಪು, ಕಾಡಲ್ಲ. ಒಮ್ಮೆಲೇ ಕಡಿಯಬೇಡಿ, ನೆಲಕ್ಕೆ ನೆರಳು ಅವೇ ಕೊಡುತ್ತಿವೆ. ಸಾಲು ಬಿಟ್ಟು ಸಾಲು ತೆಳುವಾಗಿಸಿ, ಕಡಿದದ್ದನ್ನು ಅಲ್ಲೇ ಹೊದಿಕೆಯಾಗಿ ಹಾಸಿ, ಸಂದಿನಲ್ಲಿ ನಮ್ಮ ಮರಗಳನ್ನು ಇಡಿ. ಅತ್ತಿ, ಗೋಣಿ, ಬಸರಿ ಒಂದೊಂದಾದರೂ ಇರಲಿ, ಹಕ್ಕಿ ಬರುವುದು ಅವಕ್ಕೇ.

## ಉಳಿದವು

ಹುಲ್ಲು ಸಸಿಯನ್ನು ಮುಚ್ಚಿದ್ದರೆ ಬುಡದ ಸುತ್ತ ಒಂದು ಮೀಟರ್ ಬಿಡಿಸಿ. ಸ್ಟೈಲೋ ಎಂಬ ಮೇವಿನ ಗಿಡದ ಬೀಜ ಕಡಿಮೆ ಹಾಕಿ. ತುದಿ ಕಚ್ಚಿದ ಹಾಗೆ ಮೊಟಕಾಗಿದ್ದರೆ ಮೇಕೆ. ಬೇಲಿಗಿಂತ ಊರಿನವರ ಜೊತೆ ಮಾತು ಒಳ್ಳೆಯದು, ಹುಲ್ಲು ಕೊಯ್ದು ಒಯ್ಯಲು ಬಿಡಿ, ಬೆಂಕಿಯ ಭಯವೂ ಕಡಿಮೆಯಾಗುತ್ತದೆ. ಬೆಂಕಿ ಗೆರೆ ಜನವರಿ ಮುಗಿಯುವುದರೊಳಗೆ ಆಗಬೇಕು. ಗೆದ್ದಲು ಕಂಡರೆ ಬೇವಿನ ಹಿಂಡಿ ಹಾಕಿ, ಆದರೆ ಗೆದ್ದಲೇ ಕೊಂದಿತು ಎಂದು ಬರೆಯುವ ಮೊದಲು ಬೇರು ನೋಡಿ. ಸಾಮಾನ್ಯವಾಗಿ ಅದು ಬರುವುದು ಆಗಲೇ ಸೊರಗಿದ ಸಸಿಗೆ. ಅದಿರಿನ ರಸ್ತೆ ಪಕ್ಕದ ಸಾಲು ಮಾತ್ರ ಕುಗ್ಗಿದ್ದರೆ ಎಲೆಯ ಮೇಲಿನ ಧೂಳು ಒರೆಸಿ ನೋಡಿ. ರಸ್ತೆಗೆ ನೀರು ಹೊಡೆಯುವುದೇ ಅದಕ್ಕೆ ಮದ್ದು.

## ರಿಪೇರಿ ಆದ ಮೇಲೆ

ಎಲ್ಲವನ್ನೂ ಒಟ್ಟಿಗೆ ಸರಿಪಡಿಸಲು ಹಣ ಇರುವುದಿಲ್ಲ. ಮೊದಲು ನೀರಿನ ದಾರಿ, ಆಮೇಲೆ ಸಡಿಲಿಕೆ, ಆಮೇಲೆ ಮಣ್ಣು, ಕೊನೆಗೆ ಸಸಿ. ಈ ಸಾಲು ತಿರುವುಮುರುವಾದರೆ ಆಮೇಲೆ ಮಾಡಿದ ಕೆಲಸ ಮೊದಲು ಮಾಡಿದ್ದನ್ನು ಹಾಳು ಮಾಡುತ್ತದೆ. ಇಡೀ ಪ್ಲಾಟಿಗೆ ಹೋಗುವ ಮೊದಲು ಒಂದು ಬೆಂಚಿನ ತುಣುಕಿನಲ್ಲಿ ಮಾಡಿ, ಪಕ್ಕದ ತುಣುಕನ್ನು ಹಾಗೇ ಬಿಡಿ. ಎರಡಕ್ಕೂ ಒಂದೇ ನರ್ಸರಿಯ ಸಸಿ, ಒಂದೇ ದಿನ ನೆಡಿ.

ಬದುಕಿದವನ್ನು ಎಣಿಸುವುದು ನೆಟ್ಟ ಮೂರು ತಿಂಗಳಿಗಲ್ಲ, ಎರಡನೇ ಬೇಸಿಗೆ ಕಳೆದು ಮಳೆ ಬಿದ್ದ ಮೇಲೆ. ಆಗ ಎರಡೂ ತುಣುಕಿನಲ್ಲಿ ಒಂದೊಂದು ಸಸಿಯ ಪಕ್ಕ ಮತ್ತೆ ಗುಂಡಿ ತೋಡಿಸಿ. ಸಡಿಲಿಸಿದ ಕಡೆ ಬೇರು 60 ಸೆಂ.ಮೀ. ದಾಟಿದ್ದರೆ ಉಳಿದ ಬೆಂಚುಗಳಿಗೆ ಮುಂದಿನ ಏಪ್ರಿಲ್‌ಗೆ ರಿಪ್ಪರ್ ಗೊತ್ತು ಮಾಡಿ. ದಾಟಿಲ್ಲದಿದ್ದರೆ ಸರಳು ತೆಗೆದುಕೊಂಡು ಮತ್ತೊಮ್ಮೆ ಒತ್ತಿ ನೋಡಿ. ಸೀಳಿದ ಆಳ ಬಿಲ್ಲಿನಲ್ಲಿ ಬರೆದಷ್ಟು ಇತ್ತೇ ಎಂಬುದು ಅಲ್ಲೇ ಗೊತ್ತಾಗುತ್ತದೆ.